ಹೊಲದಂಚಿನ ಶಿಲುಬೆಗಲ್ಲು: ತೊಳೆಯಬಹುದೇ, ನೆಟ್ಟಗೆ ಮಾಡಬಹುದೇ, ಗಡಿ ಅದೇನಾ?

ಓದುಗರ ಪ್ರಶ್ನೆ: “ನಾವು ಹಾಸನದ ಕಡೆಯವರು. ಇಂಗ್ಲೆಂಡಿನ ಡೆವನ್‌ನಲ್ಲಿ, ಡಾರ್ಟ್‌ಮೂರ್ ಅಂಚಿನ ಒಂದು ಹಳ್ಳಿಯಲ್ಲಿ ಕಳೆದ ವರ್ಷ ಹಳೆಯ ಮನೆಯೊಂದನ್ನು ಕೊಂಡೆವು. ಹಿಂದೆ ಸಣ್ಣ ಹುಲ್ಲುಗಾವಲೂ ಇದೆ. ಅದರ ಮೂಲೆಯಲ್ಲಿ, ಬದುವಿಗೆ ಒತ್ತಿಕೊಂಡು, ಸೊಂಟದೆತ್ತರದ ಗ್ರಾನೈಟ್ ಶಿಲುಬೆ ನಿಂತಿದೆ. ಒಂದು ತೋಳು ಮುರಿದಿದೆ, ಪಕ್ಕಕ್ಕೆ ವಾಲಿದೆ, ಮೈತುಂಬ ಪಾಚಿ. ಪಕ್ಕದ ಜಮೀನಿನವರು ‘ಅದೇ ಗಡಿ, ಬದು ಪೂರ್ತಿ ನಮ್ಮದು’ ಅನ್ನುತ್ತಾರೆ. ಊರಿನ ಇನ್ನೊಬ್ಬರು ಅದು ಪ್ಲೇಗಿನಲ್ಲಿ ಸತ್ತವರ ಸಮಾಧಿ ಅನ್ನುತ್ತಾರೆ. ಅತ್ತೆ ಊರಿಂದ ಬಂದಿದ್ದಾಗ ‘ನಮ್ಮೂರ ಲಿಂಗಮುದ್ರೆ ಕಲ್ಲಿನ ಹಾಗೇ ಇದೆ’ ಅಂತ ಅರಿಸಿನ ಕುಂಕುಮ ಹಚ್ಚಿ ಹೂವಿಟ್ಟರು. ನಮ್ಮ ಮನೆಯವರು ಪ್ರೆಷರ್ ವಾಷರ್‌ನಲ್ಲಿ ತೊಳೆದು, ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಸಿಮೆಂಟ್ ಹಾಕೋಣ ಅನ್ನುತ್ತಿದ್ದಾರೆ. ಈ ನಡುವೆ ಮೆಟಲ್ ಡಿಟೆಕ್ಟರ್ ಹಿಡಿದ ಒಬ್ಬರು ಬಂದು ಹುಡುಕಲು ಅನುಮತಿ ಕೇಳಿದರು. ನಾವು ಏನು ಮಾಡಬೇಕು? ಏನು ಮಾಡಬಾರದು?”

ಉತ್ತರ: ಪ್ರೆಷರ್ ವಾಷರ್ ಸದ್ಯಕ್ಕೆ ಶೆಡ್ಡಿನಲ್ಲೇ ಇರಲಿ. ಸಿಮೆಂಟ್ ಚೀಲವನ್ನೂ ಬಿಚ್ಚಬೇಡಿ. ಡಿಟೆಕ್ಟರ್‌ನವರಿಗೆ “ಆಮೇಲೆ ಹೇಳುತ್ತೇವೆ” ಅಂದುಬಿಡಿ. ಈ ಮೂರನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವುಗಳಿಂದ ಆಗುವ ಹಾನಿಯನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ. ಉಳಿದದ್ದಕ್ಕೆಲ್ಲ ನಿಮಗೆ ಬೇಕಾದಷ್ಟು ಸಮಯ ಇದೆ. ಆ ಕಲ್ಲು ನೂರಾರು ವರ್ಷ ಕಾದಿದೆ, ಇನ್ನು ಕೆಲವು ತಿಂಗಳು ಕಾಯುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಬೆರೆತುಹೋಗಿವೆ. ಕಲ್ಲು ಯಾರದು, ಯಾಕೆ ಅಲ್ಲಿದೆ ಅನ್ನುವುದು ಒಂದು. ನಿಮ್ಮ ಜಮೀನು ಎಲ್ಲಿಗೆ ಮುಗಿಯುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಅರ್ಧ ಗೊಂದಲ ತಾನಾಗಿಯೇ ಹೋಗುತ್ತದೆ.

ಮೊದಲು ಸಮಾಧಿಯ ಮಾತು. ಡಾರ್ಟ್‌ಮೂರ್‌ನ ಬಯಲು ಶಿಲುಬೆಗಳು ಸಾಮಾನ್ಯವಾಗಿ ಸಮಾಧಿಗಳಲ್ಲ. ಆ ಕಾಲದಲ್ಲಿ ಸತ್ತವರನ್ನು ಚರ್ಚಿನ ಅಂಗಳದಲ್ಲೇ ಹೂಳುತ್ತಿದ್ದರು. ಹೊಲದ ಮೂಲೆಯಲ್ಲಿ ಹೂತು ಮೇಲೆ ಕೆತ್ತಿದ ಶಿಲುಬೆ ನಿಲ್ಲಿಸುವ ರೂಢಿ ಇರಲಿಲ್ಲ. ಪ್ಲೇಗಿನ ಕಥೆಗೆ ಮಾತ್ರ ಒಂದು ನಿಜವಾದ ಬೇರು ಇದೆ. ಡರ್ಬಿಶೈರ್‌ನ ಈಯಂ ಹಳ್ಳಿಗೆ 1665ರಲ್ಲಿ ಪ್ಲೇಗ್ ಬಂದಾಗ ಊರಿನವರು ಹೊರಗೆ ಹೋಗದೆ ತಮ್ಮನ್ನು ತಾವೇ ಕಟ್ಟಿಹಾಕಿಕೊಂಡರು. ಊರ ಎಲ್ಲೆಯ ಕಲ್ಲೊಂದರಲ್ಲಿ ಆರು ಕುಳಿಗಳಿವೆ. ಅವುಗಳಲ್ಲಿ ವಿನೆಗರ್ ತುಂಬಿ ನಾಣ್ಯ ಇಡುತ್ತಿದ್ದರು, ಪಕ್ಕದೂರಿನವರು ಆ ದುಡ್ಡಿಗೆ ಆಹಾರ ತಂದಿಡುತ್ತಿದ್ದರು ಎಂದು ಅಲ್ಲಿ ಹೇಳುತ್ತಾರೆ. ಈ ಕಥೆ ಎಷ್ಟು ಹರಡಿತೆಂದರೆ, ಕುಳಿ ಇರುವ ಹಳೆಯ ಕಲ್ಲು ಎಲ್ಲಿ ಕಂಡರೂ ಜನ “ಪ್ಲೇಗ್ ಕಲ್ಲು” ಅನ್ನತೊಡಗಿದರು. ಎಷ್ಟೋ ಕಡೆ ಅದು ಶಿಲುಬೆಯ ಅಡಿಗಲ್ಲು ಅಷ್ಟೇ. ಕಂಬ ಬಿದ್ದುಹೋಗಿ, ಅದನ್ನು ಕೂರಿಸಿದ್ದ ಚೌಕದ ಕುಳಿ ಮಾತ್ರ ಉಳಿದು, ಅದರಲ್ಲಿ ಮಳೆನೀರು ನಿಂತಿರುತ್ತದೆ. ನಿಮ್ಮದರಲ್ಲಿ ಕಂಬವೇ ಇನ್ನೂ ನಿಂತಿದೆಯಲ್ಲ, ಹಾಗಾಗಿ ಆ ಅನುಮಾನವೇ ಬೇಡ.

ಹಾಗಾದರೆ ಅದು ಗಡಿಗಲ್ಲೇ? ಇರಬಹುದು. ಆದರೆ ಶಿಲುಬೆ ಕಂಡಲ್ಲೆಲ್ಲ ಗಡಿ ಅಂತಲ್ಲ. ದಾರಿ ತೋರಿಸಲು ನಿಲ್ಲಿಸಿದವು ಇವೆ, ಸಂತೆ ಜಾಗದವು ಇವೆ, ಚರ್ಚಿನ ಅಂಗಳದವು ಇವೆ. ದೇಶದಲ್ಲಿ ಗೊತ್ತಿರುವ ದಾರಿ ಶಿಲುಬೆಗಳು 350ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಕಾರ್ನ್‌ವಾಲ್ ಮತ್ತು ಡಾರ್ಟ್‌ಮೂರ್‌ನಲ್ಲೇ ಇವೆ. ಹೆಚ್ಚಿನವು 9ರಿಂದ 15ನೇ ಶತಮಾನದ ನಡುವಿನವು. ಮರವಿಲ್ಲದ, ಮಂಜು ಕವಿಯುವ ಬಯಲಿನಲ್ಲಿ ದಾರಿ ತಪ್ಪದಿರಲು ಒಂದು ಗುರುತು ಬೇಕಿತ್ತು. ಎಲ್ಲೆ ಹೇಳಲೂ ಗುರುತು ಬೇಕಿತ್ತು. ಒಂದೇ ಕಲ್ಲು ಎರಡೂ ಕೆಲಸ ಮಾಡಿದ್ದೂ ಉಂಟು.

ನಿಮ್ಮ ಮನೆಗೆ ಹತ್ತಿರದಲ್ಲೇ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ ಇದೆ: ಪ್ರಿನ್ಸ್‌ಟೌನ್‌ನ ತೆಂಕಣ ಬಯಲಿನ ಸೀವರ್ಡ್ಸ್ ಕ್ರಾಸ್. ನನ್ಸ್ ಕ್ರಾಸ್ ಅಂತಲೂ ಕರೆಯುತ್ತಾರೆ. ಆಳೆತ್ತರ ಮೀರಿದ ಕಲ್ಲು. ಒಂದು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. 1239ರಲ್ಲಿ ರಾಜ ಮೂರನೇ ಹೆನ್ರಿ ಡಾರ್ಟ್‌ಮೂರ್ ಅನ್ನು ತನ್ನ ತಮ್ಮ ರಿಚರ್ಡ್‌ನಿಗೆ ಕೊಟ್ಟ. ಮರುವರ್ಷ, 1240ರಲ್ಲಿ, ಹನ್ನೆರಡು ಜನ ನೈಟ್‌ಗಳು ರಾಜನ ಅರಣ್ಯದ ಎಲ್ಲೆಯನ್ನು ಸುತ್ತಿ ಬರೆಸಿದರು. ಇಲ್ಲಿ ಅರಣ್ಯ ಅಂದರೆ ಮರಗಳ ಕಾಡಲ್ಲ, ರಾಜನ ಬೇಟೆಯ ಕಾನೂನು ನಡೆಯುವ ಸೀಮೆ. ಆ ಎಲ್ಲೆಯ ಪಟ್ಟಿಯಲ್ಲಿ ಸೀವರ್ಡನ ಶಿಲುಬೆಯ ಹೆಸರು ಇದೆ. ಈಗ ಆ ಕಲ್ಲಿನ ಒಂದು ಮುಖದಲ್ಲಿ ಸೀವರ್ಡನ ಹೆಸರು, ಇನ್ನೊಂದು ಮುಖದಲ್ಲಿ ಬಕ್‌ಲಂಡ್ ಮಠದ ಭೂಮಿಯನ್ನು ಹೇಳುವ ಅಕ್ಷರಗಳು ಕಾಣುತ್ತವೆ. ಬಕ್‌ಲಂಡ್ ಮಠ ಶುರುವಾಗಿದ್ದು 1278ರಲ್ಲಿ. ಅಂದರೆ ಮಠ ಹುಟ್ಟುವ ಮೊದಲೇ ಶಿಲುಬೆ ಅಲ್ಲಿತ್ತು. ಸನ್ಯಾಸಿಗಳು ಗಡಿಗಾಗಿ ಅದನ್ನು ನೆಡಲಿಲ್ಲ. ಮೊದಲೇ ಇದ್ದ, ಎಲ್ಲರಿಗೂ ಗೊತ್ತಿದ್ದ ಕಲ್ಲಿನವರೆಗೆ ತಮ್ಮ ಗಡಿಯನ್ನು ತಂದರು.

ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡದ್ದೂ ಇದನ್ನೇ. ಗಡಿಗಲ್ಲಿನ ಬೆಲೆ ಕಲ್ಲಿನಲ್ಲಿಲ್ಲ, ಅದು ನಿಂತ ಜಾಗದಲ್ಲಿದೆ. ಆ ಜಾಗ ಇದು ಅಂತ ಸುತ್ತಲ ಜನ ಒಪ್ಪಿಕೊಂಡದ್ದರಲ್ಲಿದೆ. ಕಲ್ಲನ್ನು ನಾಲ್ಕಡಿ ಆಚೆ ಸರಿಸಿದರೆ ಕೆತ್ತನೆ ಹಾಗೇ ಇರುತ್ತದೆ, ಗಡಿ ಹೋಗಿಬಿಡುತ್ತದೆ.

ಆ ಒಪ್ಪಿಗೆಯನ್ನು ಹೇಗೆ ಕಾಪಾಡಿದರು ಗೊತ್ತಾ? ನಡೆದು ನಡೆದು. ಈಸ್ಟರ್ ದಿನವನ್ನೂ ಸೇರಿಸಿ ಎಣಿಸಿದರೆ ನಲವತ್ತನೇ ದಿನ ಅಸೆನ್ಷನ್ ಹಬ್ಬ. ಅದರ ಹಿಂದಿನ ಮೂರು ದಿನ ಪಾದ್ರಿ, ಊರ ಹಿರಿಯರು, ಹುಡುಗರು ಸೇರಿ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಸೇರಿದ ಊರ ಸೀಮೆಯ, ಎಲ್ಲೆ ಸುತ್ತುತ್ತಿದ್ದರು. ಒಂದೊಂದು ಗುರುತಿನ ಬಳಿ ನಿಂತು ಪ್ರಾರ್ಥನೆ. ನೆರೆಯವನ ಎಲ್ಲೆಕಲ್ಲು ಸರಿಸಿದವನಿಗೆ ಶಾಪ ಅನ್ನುವ ಬೈಬಲ್ಲಿನ ಮಾತನ್ನೂ ಓದುತ್ತಿದ್ದರು. ಹುಡುಗರನ್ನು ಎತ್ತಿ ಕಲ್ಲಿಗೆ ಕುಕ್ಕುತ್ತಿದ್ದರು, ಕೆಲವು ಕಡೆ ಬೆತ್ತದ ಏಟೂ ಬೀಳುತ್ತಿತ್ತು, ಆಮೇಲೆ ತಿಂಡಿ. ಮುದುಕರಾದಾಗಲೂ ಜಾಗ ನೆನಪಿರಲಿ ಅಂತ. ಎಲ್ಲೆಯ ವ್ಯಾಜ್ಯ ಬಂದಾಗ ಕೋರ್ಟಿಗೆ ಬೇಕಾಗಿದ್ದು ಇಂಥ ಮುದುಕರ ಸಾಕ್ಷಿಯೇ. 1559ರಲ್ಲಿ ರಾಣಿ ಎಲಿಜಬೆತ್ ಚರ್ಚಿನ ಮೆರವಣಿಗೆಗಳನ್ನೆಲ್ಲ ನಿಲ್ಲಿಸಿದರೂ ಈ ಎಲ್ಲೆ ಸುತ್ತುವ ಪದ್ಧತಿಯನ್ನು ಮಾತ್ರ ಉಳಿಸಿದಳು. ಅದಿಲ್ಲದಿದ್ದರೆ ಊರುಗಳ ಜಗಳ ಬಗೆಹರಿಯುವುದಾದರೂ ಹೇಗೆ?

ಎಲ್ಲೆಗೆ ಶಿಲುಬೆಯೇ ಯಾಕೆ ಅಂತ ನೀವು ಕೇಳಿಲ್ಲ, ಆದರೆ ಅತ್ತೆಯವರ ಮಾತು ಅಲ್ಲಿಗೇ ಕರೆದೊಯ್ಯುತ್ತದೆ. ಅವರು ಹೇಳಿದ್ದರಲ್ಲಿ ಹುರುಳಿದೆ. ಕರ್ನಾಟಕದಲ್ಲಿ ಶೈವ ಮಠ, ಗುಡಿಗಳಿಗೆ ದತ್ತಿ ಬಿಟ್ಟ ಭೂಮಿಯ ಅಂಚಿಗೆ ಲಿಂಗಮುದ್ರೆ, ವೈಷ್ಣವರದಕ್ಕೆ ವಾಮನಮುದ್ರೆ, ಜೈನ ಬಸದಿಗಳದಕ್ಕೆ ಮುಕ್ಕೊಡೆ ಕಲ್ಲು ನೆಡುತ್ತಿದ್ದರು. ಈ ಭೂಮಿ ಯಾರಿಗೆ ಸೇರಿದ್ದು ಅಂತ ಓದು ಬಾರದವರಿಗೂ ಒಂದು ನೋಟಕ್ಕೆ ತಿಳಿಯಬೇಕು, ಮುಟ್ಟಲು ಹೆದರಿಕೆಯೂ ಇರಬೇಕು. ಇಂಗ್ಲೆಂಡಿನ ಮಠಗಳೂ ಇದನ್ನೇ ಮಾಡಿದವು. ಲಿಂಕನ್‌ಶೈರ್‌ನ ಕ್ರೋಲೆಂಡ್ ಸುತ್ತ ಬರೀ ಜೌಗು. ಗುಡ್ಡವಿಲ್ಲ, ಬಂಡೆಯಿಲ್ಲ. ಹುಲ್ಲು, ಮೀನು, ಉರುವಲಿಗೆ ಬಳಸುವ ಪೀಟ್ ಮಣ್ಣಿಗಾಗಿ ಸುತ್ತಲಿನವರ ಜೊತೆ ಮಠಕ್ಕೆ ತಲೆಮಾರುಗಳ ಜಗಳ. ಅಲ್ಲಿ ಒಂದು ಶಿಲುಬೆಯ ಕಂಬ ಉಳಿದಿದೆ. ಈ ಕಲ್ಲು ಸಂತ ಗುತ್‌ಲಾಕ್‌ನ ಎಲ್ಲೆ ಎಂದು ಲ್ಯಾಟಿನ್‌ನಲ್ಲಿ ಅದರ ಮೇಲೆ ಬರೆದಿದೆ. ಭೂಮಿ ಮಠದ್ದಲ್ಲ, ಸಾಕ್ಷಾತ್ ಸಂತನದೇ ಅನ್ನುವ ಧಾಟಿ. ನಮ್ಮ ಶಾಸನಗಳಲ್ಲಿ ದೇವರ ಹೆಸರಿಗೇ ಭೂಮಿ ಬಿಡುತ್ತಿದ್ದರಲ್ಲ, ಹಾಗೇ.

ರಾಜಕಾರಣ ಇಲ್ಲೂ ಇತ್ತು. ಟೆಂಪ್ಲರ್ ಮತ್ತು ಹಾಸ್ಪಿಟಲರ್ ಎಂಬ ಎರಡು ಧಾರ್ಮಿಕ ಸೈನಿಕ ಪಂಥಗಳ ಆಸ್ತಿಗೆ ಕೆಲವು ವಿನಾಯಿತಿಗಳಿದ್ದವು. ಜನ ತಮ್ಮ ಮನೆ, ಜಮೀನಿನ ಮೇಲೂ ಸುಮ್ನೆ ಶಿಲುಬೆ ನಿಲ್ಲಿಸಿ, ತಾವೂ ಆ ಪಂಥದ ಒಕ್ಕಲು ಅಂತ ಹೇಳಿ ಒಡೆಯನಿಗೆ ಕೊಡಬೇಕಾದ್ದನ್ನು ತಪ್ಪಿಸತೊಡಗಿದರು. 1285ರಲ್ಲಿ ಒಂದನೇ ಎಡ್ವರ್ಡ್‌ನ ಕಾಲದಲ್ಲಿ ಇದಕ್ಕೆಂದೇ ಕಾನೂನು ಬಂತು: ಹಾಗೆ ಶಿಲುಬೆ ನೆಟ್ಟ ಭೂಮಿ ಮುಟ್ಟುಗೋಲು. ಯಾರ್ಕ್‌ಶೈರ್‌ನ ರಿಪನ್‌ನಲ್ಲಿ ಇನ್ನೊಂದು ಬಗೆ. ಚರ್ಚಿನ ಸುತ್ತ ಎಂಟು ಶಿಲುಬೆಗಳು ಶರಣಿನ ಎಲ್ಲೆ ಹೇಳುತ್ತಿದ್ದವು. ತಪ್ಪಿಸಿಕೊಂಡು ಓಡಿಬಂದವನು ಅದನ್ನು ದಾಟಿದರೆ ಚರ್ಚಿನ ರಕ್ಷಣೆ. ಈಗ ಉಳಿದಿರುವುದು ಶಾರೋ ಎಂಬಲ್ಲಿನ ಒಂದು ಮೋಟು ಮಾತ್ರ.

ತೋಳು ಮುರಿದದ್ದಕ್ಕೆ ಬರೋಣ. ಊರಿನವರು ಸಾಮಾನ್ಯವಾಗಿ “ಕ್ರಾಮ್‌ವೆಲ್‌ನ ಸೈನಿಕರು ಮುರಿದರು” ಅನ್ನುತ್ತಾರೆ. 17ನೇ ಶತಮಾನದ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಪಾರ್ಲಿಮೆಂಟಿನ ಕಡೆ ಹೋರಾಡಿದ ಸೇನಾನಿ ಅವನು. 1643ರಲ್ಲಿ ಪಾರ್ಲಿಮೆಂಟು ಶಿಲುಬೆ, ವಿಗ್ರಹಗಳನ್ನು ಒಡೆಯಲು ಆಜ್ಞೆ ಹೊರಡಿಸಿದ್ದು ನಿಜ. ಲಂಡನ್ನಿನ ಚೀಪ್‌ಸೈಡ್ ಶಿಲುಬೆಯನ್ನು ಆ ವರ್ಷವೇ ಕೆಡವಿದರು. ಆದರೆ ಬಯಲಿನ ಗಡಿಗಲ್ಲುಗಳ ಶತ್ರು ಹೆಚ್ಚಾಗಿ ಧರ್ಮವಲ್ಲ, ದಿನದ ಕೆಲಸ. ಕಲ್ಲು ಬೇಕಾದವರು ಶಿಲುಬೆಯ ತೋಳು ಒಡೆದು ಗೇಟಿನ ಕಂಬ ಮಾಡಿಕೊಂಡರು, ಹಳ್ಳಕ್ಕೆ ಸಂಕದಂತೆ ಹಾಸಿದರು. ದನ ಮೈ ಉಜ್ಜಿ ಬೀಳಿಸಿದ್ದೂ ಉಂಟು. ಸೀವರ್ಡ್ಸ್ ಕ್ರಾಸ್ ಕೂಡ 19ನೇ ಶತಮಾನದಲ್ಲಿ ಮುರಿದು ಬಿದ್ದಿತ್ತು, ಕಬ್ಬಿಣದ ಪಟ್ಟಿ ಹಾಕಿ ಕೂಡಿಸಿದ್ದಾರೆ. ಯಾರ್ಕ್‌ಶೈರ್‌ನ ಯಂಗ್ ರಾಲ್ಫ್ ಕ್ರಾಸ್‌ನ ತಲೆಯ ಮೇಲೆ ದಾರಿಹೋಕರಿಗಾಗಿ ನಾಣ್ಯ ಇಡುವ ಸಂಪ್ರದಾಯ ಇದೆ. 1961ರಲ್ಲಿ ಆ ನಾಣ್ಯಕ್ಕಾಗಿ ಒಬ್ಬರು ಹತ್ತಿದಾಗ ಅದು ಮುರಿಯಿತು. ನಿಮ್ಮ ಕಲ್ಲಿನ ಪಕ್ಕಗಳಲ್ಲಿ ಬೆರಳು ಹಿಡಿಸುವಷ್ಟು ತೂತು ಅಥವಾ ತುಕ್ಕಿನ ಕಲೆ ಇದೆಯಾ ನೋಡಿ. ಇದ್ದರೆ ಅದು ಒಂದು ಕಾಲಕ್ಕೆ ಗೇಟಿನ ಕಂಬವಾಗಿತ್ತು, ಆಮೇಲೆ ಈ ಜಾಗಕ್ಕೆ ಬಂತು ಅನ್ನಬಹುದು. ಆಗ ಅದು ಗಡಿಯ ಸಾಕ್ಷಿಯಾಗಿ ತುಂಬಾ ದುರ್ಬಲ. ಅಕ್ಷರಗಳೇನಾದರೂ ಇವೆಯಾ ಅಂತ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ನೋಡಿ. ಅಕ್ಷರ ಕಂಡ ಮಾತ್ರಕ್ಕೆ ಅದು ಶಿಲುಬೆಯಷ್ಟೇ ಹಳೆಯದು ಅಂದುಕೊಳ್ಳಬೇಡಿ. ಡಾರ್ಟ್‌ಮೂರ್‌ನ ಬೆನೆಟ್ಸ್ ಕ್ರಾಸ್ ಮೇಲಿನ ‘ಡಬ್ಲ್ಯೂ ಬಿ’ ಮೊಲ ಸಾಕುವ ಜಮೀನಿನ ಎಲ್ಲೆಗಾಗಿ ಬಹಳ ಆಮೇಲೆ ಕೊರೆದದ್ದು. ಪೀಕ್ ಡಿಸ್ಟ್ರಿಕ್ಟ್‌ನ ಈಡೇಲ್ ಕ್ರಾಸ್ ಮೇಲೆ 1810 ಅಂತ ಇದೆ. ಅದು ಬಿದ್ದ ಶಿಲುಬೆಯನ್ನು ಮತ್ತೆ ಎತ್ತಿ ನಿಲ್ಲಿಸಿದ ವರ್ಷ.

ಈಗ ನಿಮ್ಮ ನೆರೆಯವರ ಮಾತು. ಅದು ನಿಜವಾಗಿ ಮಧ್ಯಯುಗದ ಗಡಿಗಲ್ಲೇ ಆಗಿದ್ದರೂ, ಅದು ಹೇಳುವುದು ಪ್ಯಾರಿಷ್‌ನ, ಮಠದ ಅಥವಾ ಜಹಗೀರಿನ ಎಲ್ಲೆಯನ್ನು. ನಿಮ್ಮಿಬ್ಬರ ಆಸ್ತಿಯ ಎಲ್ಲೆ ಅದರ ಮೇಲೇ ಹಾಯಬಹುದು, ಹಾಯದೆಯೂ ಇರಬಹುದು. ಮಠಗಳನ್ನು 1536ರಿಂದ 1540ರ ನಡುವೆ ಮುಚ್ಚಿ ಭೂಮಿ ಮಾರಿದರು. ಆಮೇಲೆ ಎಷ್ಟೋ ಸಲ ಹೊಲಗಳು ಒಡೆದವು, ಕೂಡಿದವು. ಹಾಗಾಗಿ “ಶಿಲುಬೆ ಇಲ್ಲಿದೆ, ಆದ್ದರಿಂದ ಬದು ನನ್ನದು” ಅನ್ನುವ ವಾದ ನಿಲ್ಲುವುದಿಲ್ಲ. “ಶಿಲುಬೆ ನನ್ನ ಕಡೆ ಇದೆ, ಆದ್ದರಿಂದ ಬದು ನನ್ನದು” ಅಂತ ನೀವು ಹೇಳಿದರೂ ನಿಲ್ಲುವುದಿಲ್ಲ.

ಊರಲ್ಲಿ ಸರ್ವೆಯವರು ಬಂದು ಬಾಂದುಕಲ್ಲು ನೋಡಿ ಹದ್ದುಬಸ್ತು ಮಾಡಿಕೊಡುತ್ತಾರೆ ಅನ್ನುವ ಅಭ್ಯಾಸ ನಮಗೆ. ಇಲ್ಲಿ ಹಾಗಿಲ್ಲ. ಆಸ್ತಿಯ ಒಡೆತನ ದಾಖಲಿಸುವ ಸರ್ಕಾರಿ ಕಚೇರಿಯಾದ ಲ್ಯಾಂಡ್ ರಿಜಿಸ್ಟ್ರಿಯ ನಕ್ಷೆಯ ಕೆಂಪು ಗೆರೆ ಸಾಮಾನ್ಯ ಎಲ್ಲೆಯನ್ನಷ್ಟೇ ತೋರಿಸುತ್ತದೆ, ಕರಾರುವಾಕ್ ಗೆರೆಯಲ್ಲ. 2002ರ ಕಾನೂನೇ ಹಾಗೆ ಹೇಳುತ್ತದೆ. ಆರ್ಡ್ನನ್ಸ್ ಸರ್ವೆ ಎಂಬ ಸರ್ಕಾರಿ ಭೂಮಾಪನ ಸಂಸ್ಥೆಯ ನಕ್ಷೆಯಲ್ಲಿ ಗೆರೆ ಬದುವಿನ ನಡುವೆ ಹಾಯ್ದಿದ್ದರೂ ಒಡೆತನ ನಡುವಿಗೇ ಮುಗಿಯಬೇಕೆಂದಿಲ್ಲ. ಬದುವಿನ ಪಕ್ಕ ಮನುಷ್ಯರು ತೋಡಿದ ಕಾಲುವೆ ಇದ್ದರೆ ಕೋರ್ಟುಗಳು ಒಂದು ಊಹೆ ಹಿಡಿಯುತ್ತವೆ: ಕಾಲುವೆ ತೋಡಿದವನು ತನ್ನ ಜಮೀನಿನ ತುದಿಯಲ್ಲಿ ತೋಡಿ, ಮಣ್ಣನ್ನು ತನ್ನ ಕಡೆಗೇ ಹಾಕಿ ಬದು ಕಟ್ಟಿದ. ಆದ್ದರಿಂದ ಎಲ್ಲೆ ಕಾಲುವೆಯ ಆಚೆ ದಡ, ಬದು ಮತ್ತು ಕಾಲುವೆ ಎರಡೂ ಬದುವಿನ ಕಡೆಯವನದು. ಇದು ಊಹೆ ಮಾತ್ರ. ಪತ್ರಗಳಲ್ಲಿ ಬೇರೆ ಇದ್ದರೆ ಪತ್ರವೇ ಗೆಲ್ಲುತ್ತದೆ. ನಿಮ್ಮ ಬದುವಿನ ಯಾವ ಕಡೆ ಕಾಲುವೆಯ ತಗ್ಗು ಇದೆ ಅಂತ ನೀವು ಬರೆದಿಲ್ಲ. ಶಿಲುಬೆಗಿಂತ ಆ ತಗ್ಗು ನಿಮ್ಮ ವಿಚಾರದಲ್ಲಿ ಹೆಚ್ಚು ಹೇಳಬಹುದು.

ನನ್ನ ಸಲಹೆ ಇಷ್ಟು. ಮೊದಲು ಹಳೆಯ ನಕ್ಷೆಗಳನ್ನು ನೋಡಿ. ಚರ್ಚಿಗೆ ಬೆಳೆಯ ಹತ್ತನೇ ಒಂದು ಪಾಲು ಕೊಡುವ ‘ಟೈದ್’ ತೆರಿಗೆಯ ಬಗೆಗಿನ 1836ರ ಕಾನೂನಿನ ನಂತರ ತಯಾರಾದ ಪ್ಯಾರಿಷ್ ನಕ್ಷೆಗಳು ಒಂದು, 19ನೇ ಶತಮಾನದ ದೊಡ್ಡ ಅಳತೆಯ ಆರ್ಡ್ನನ್ಸ್ ಸರ್ವೆ ನಕ್ಷೆಗಳು ಇನ್ನೊಂದು. ಸರ್ವೆ ನಕ್ಷೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ನಿಮ್ಮ ಮೂಲೆಯಲ್ಲಿ ‘ಬಿ.ಎಸ್.’ ಅಂತ ಇದ್ದರೆ ಗಡಿಗಲ್ಲು, ಚುಕ್ಕಿಗೆರೆ ಹಾಯ್ದಿದ್ದರೆ ಪ್ಯಾರಿಷ್‌ನ ಎಲ್ಲೆ. ಅದನ್ನು ನೆರೆಯವರ ಜೊತೆ ಚಹಾ ಕುಡಿಯುತ್ತಾ ನೋಡಿ. ಇಬ್ಬರೂ ಒಪ್ಪಿದರೆ ಎಲ್ಲೆಯ ಒಪ್ಪಂದ ಬರೆದು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲು ಮಾಡಿಸಬಹುದು. ಖರ್ಚು ಕಡಿಮೆ. ಒಪ್ಪದಿದ್ದರೆ ಎಲ್ಲೆ ವಿಷಯ ತಿಳಿದ ಸರ್ವೇಯರ್ ಬೇಕು. ಅಲ್ಲಿಂದ ಮುಂದೆ ಕೋರ್ಟು. ಎರಡಡಿ ಬದುವಿಗಾಗಿ ಭೂಮಿಯ ಬೆಲೆಗಿಂತ ಎಷ್ಟೋ ಪಟ್ಟು ಕಳೆದುಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಅಲ್ಲಿಗೆ ಹೋಗಬೇಡಿ. ಇನ್ನೊಂದು ವಿಷಯ: 1850ಕ್ಕೂ ಹಿಂದಿನ ಪ್ಯಾರಿಷ್ ಎಲ್ಲೆಯನ್ನು ಗುರುತಿಸುವ ಬೇಲಿಸಾಲಿಗೆ 1997ರ ನಿಯಮಗಳ ರಕ್ಷಣೆ ಇದೆ. ಬದು ಯಾರದೇ ಆಗಲಿ, ಯಾರೂ ಅದನ್ನು ಸುಮ್ನೆ ಕಿತ್ತುಹಾಕುವ ಹಾಗಿಲ್ಲ.

ಕಲ್ಲಿನ ವಿಷಯಕ್ಕೆ ಬಂದರೆ, ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ರಾಷ್ಟ್ರೀಯ ಪರಂಪರೆ ಪಟ್ಟಿಯಲ್ಲಿ ನಿಮ್ಮ ಪ್ಯಾರಿಷ್ ಹೆಸರು ಹಾಕಿ ಹುಡುಕಿ. ಅದು ‘ಷೆಡ್ಯೂಲ್ಡ್’ ಸ್ಮಾರಕ ಆಗಿದ್ದರೆ 1979ರ ಕಾನೂನು ಅನ್ವಯಿಸುತ್ತದೆ. ಲಿಖಿತ ಅನುಮತಿ ಇಲ್ಲದೆ ನೆಟ್ಟಗೆ ಮಾಡುವುದು, ದುರಸ್ತಿ, ಬುಡ ಅಗೆಯುವುದು ಎಲ್ಲವೂ ಅಪರಾಧ. ನಮ್ಮದೇ ಜಮೀನು ಅನ್ನುವುದು ಉತ್ತರವಲ್ಲ. ‘ಲಿಸ್ಟೆಡ್’ ಆಗಿದ್ದರೆ ಸ್ಥಳೀಯ ಯೋಜನಾ ಕಚೇರಿಯ ಅನುಮತಿ ಬೇಕು. ಎರಡೂ ಅಲ್ಲದಿದ್ದರೆ ಡೆವನ್ ಕೌಂಟಿಯ ಪರಂಪರೆ ದಾಖಲೆ ವಿಭಾಗಕ್ಕೆ ಬರೆಯಿರಿ. ಮನೆ ರಾಷ್ಟ್ರೀಯ ಉದ್ಯಾನದ ಒಳಗಿದ್ದರೆ ಡಾರ್ಟ್‌ಮೂರ್ ಉದ್ಯಾನ ಪ್ರಾಧಿಕಾರದ ಪುರಾತತ್ವ ವಿಭಾಗಕ್ಕೆ. ಫೋಟೋ, ಅಳತೆ, ಜಾಗದ ಗುರುತು ಕಳಿಸಿ. ಹೊಸ ಕಲ್ಲು ಸಿಕ್ಕರೆ ಅವರಿಗೆ ಖುಷಿ. ನಿಮ್ಮ ಜಮೀನು ಯಾರೂ ಕಿತ್ತುಕೊಳ್ಳುವುದಿಲ್ಲ. ಜನ ಬಂದು ಹೋಗುವ ಹಕ್ಕೂ ಅದರಿಂದ ಹುಟ್ಟುವುದಿಲ್ಲ. ಈ ಭಯದಿಂದಲೇ ಎಷ್ಟೋ ಮಂದಿ ಹೇಳದೆ ಮುಚ್ಚಿಡುತ್ತಾರೆ, ಪಾಪ.

ತೊಳೆಯುವುದು ಬೇಡ. ಮೇಲಿರುವುದು ಬರೀ ಕೊಳೆಯಲ್ಲ. ಕಲ್ಲುಹೂವು ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುವ ಜೀವಿ, ಕೆಲವು ಜಾತಿಗಳು ಅಪರೂಪ. ಒತ್ತಡದ ನೀರು ಅದರ ಜೊತೆ ಕಲ್ಲಿನ ಮೇಲ್ಪದರವನ್ನೂ ಎಬ್ಬಿಸುತ್ತದೆ, ಮಾಸಿದ ಅಕ್ಷರ ಇದ್ದರೆ ಅದೂ ಹೋಯಿತು. ತಂತಿ ಬ್ರಷ್, ಬ್ಲೀಚ್ ಕೂಡ ಬೇಡ. ಐವಿ ಬಳ್ಳಿ ಹಬ್ಬಿದ್ದರೆ ಎಳೆಯಬೇಡಿ, ಬುಡದಲ್ಲಿ ಕತ್ತರಿಸಿ ಒಣಗಲು ಬಿಡಿ. ಸಿಮೆಂಟ್ ಇನ್ನೂ ಕೆಟ್ಟದ್ದು. ಅದು ಬಿಗಿಯಾಗಿ ಹಿಡಿದು ನೀರನ್ನು ಒಳಗೇ ಕೂರಿಸುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ. ಹಿಂದಿನವರು ಹಾಕಿದ ಕಬ್ಬಿಣವೂ ಹೀಗೇ, ತುಕ್ಕು ಹಿಡಿದು ಉಬ್ಬಿ ಒಡೆಯುತ್ತದೆ. ನುರಿತ ಕೆಲಸಗಾರರು ಸುಣ್ಣದ ಗಾರೆ, ಸ್ಟೇನ್‌ಲೆಸ್ ಸರಳು ಬಳಸುವುದು ಇದಕ್ಕೇ.

ವಾಲಿರುವುದು ತೊಂದರೆಯೇ ಅಂತ ಮೊದಲು ತಿಳಿಯಬೇಕು. ಎಷ್ಟೋ ಶಿಲುಬೆಗಳು ತಲೆಮಾರುಗಳಿಂದ ಹಾಗೇ ವಾಲಿ ಗಟ್ಟಿಯಾಗಿ ನಿಂತಿವೆ. ಒಂದು ಗೂಟ ನೆಟ್ಟು, ಅದೇ ಜಾಗದಿಂದ ತಿಂಗಳಿಗೊಮ್ಮೆ ಫೋಟೋ ತೆಗೆಯಿರಿ. ಗೂಟ ಕಲ್ಲಿನಿಂದ ದೂರವಿರಲಿ. ಒಂದು ಚಳಿಗಾಲ ಕಳೆದರೂ ಕೋನ ಬದಲಾಗದಿದ್ದರೆ ಬಿಟ್ಟುಬಿಡಿ. ಬದಲಾಗುತ್ತಿದ್ದರೆ, ಅಥವಾ ಕೈಯಿಟ್ಟಾಗ ಅಲುಗಿದರೆ, ಮಕ್ಕಳನ್ನು ದೂರ ಇಟ್ಟು, ಮೇಲೆ ಹೇಳಿದ ಪರಂಪರೆ ಅಥವಾ ಪುರಾತತ್ವ ವಿಭಾಗಕ್ಕೆ ಬೇಗ ತಿಳಿಸಿ. ನೆಟ್ಟಗೆ ಮಾಡುವಾಗ ಬುಡದ ಮಣ್ಣನ್ನು ಪುರಾತತ್ವ ತಿಳಿದವರು ನೋಡಬೇಕು. ಕಲ್ಲು ಮೂಲ ಜಾಗದಲ್ಲೇ ಇದೆಯಾ ಅಂತ ಹೇಳುವುದು ಆ ಮಣ್ಣೇ. ಹುಲ್ಲುಗಾವಲಿಗೆ ದನ, ಕುರಿ ಬಿಡುತ್ತಿದ್ದರೆ ನೀರಿನ ತೊಟ್ಟಿ, ಉಪ್ಪಿನ ಇಟ್ಟಿಗೆ ಇನ್ನೊಂದು ಮೂಲೆಗೆ ಸಾಗಿಸಿ. ಬುಡ ತುಳಿದು ಕೆಸರಾಗುವುದು ಅರ್ಧ ನಿಲ್ಲುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಡ, ದುಡ್ಡೂ ಬೇಡ.

ಕಲ್ಲನ್ನು ಮನೆಯ ಮುಂದೆ ತಂದಿಟ್ಟರೆ ಭದ್ರ ಅಂತ ಮುಂದೆ ಯಾರಾದರೂ ಹೇಳಿಯಾರು. ಬೇಡ. ಯಾರ್ಕ್‌ಶೈರ್‌ನ ಲಿಲ್ಲಾ ಕ್ರಾಸ್ ಇದ್ದ ಬಯಲನ್ನು ಸೇನೆ ಗುಂಡಿನ ಅಭ್ಯಾಸಕ್ಕೆ ತೆಗೆದುಕೊಂಡಾಗ, 1952ರಲ್ಲಿ, ಅದನ್ನು ಬೇರೆ ದಿಬ್ಬಕ್ಕೆ ಸಾಗಿಸಿದರು. 1962ರಲ್ಲಿ ಮತ್ತೆ ಹಳೆಯ ಜಾಗಕ್ಕೇ ತಂದು ನಿಲ್ಲಿಸಿದರು. ಅಷ್ಟು ಶ್ರಮ ಜಾಗಕ್ಕಾಗಿ.

ಅತ್ತೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಬೇಡಿ. ಇಲ್ಲಿಯವರೂ ಯಾರ್ಕ್‌ಶೈರ್‌ನ ಫ್ಯಾಟ್ ಬೆಟ್ಟಿ ಎಂಬ ಗಡಿ ಶಿಲುಬೆಯ ಬಳಿ ತಿಂಡಿ ಇಟ್ಟು, ಇನ್ನೊಬ್ಬರು ಇಟ್ಟದ್ದನ್ನು ತಿಂದು ಹೋಗುತ್ತಾರೆ. ಹೂವನ್ನು ಕಲ್ಲಿನ ಮುಂದೆ ನೆಲದ ಮೇಲೆ ಇಡಲಿ. ಅರಿಸಿನ, ಕುಂಕುಮ, ಎಣ್ಣೆ ಮಾತ್ರ ಕಲ್ಲಿಗೆ ಬೇಡ. ಬಣ್ಣ ಗ್ರಾನೈಟಿನ ಸಂದುಗಳಲ್ಲಿ ಕೂರುತ್ತದೆ, ಕಲ್ಲುಹೂವಿಗೂ ಒಳ್ಳೆಯದಲ್ಲ. ಈಗ ಹಚ್ಚಿರುವುದನ್ನು ಉಜ್ಜಬೇಡಿ, ಡೆವನ್‌ನ ಮಳೆ ನೋಡಿಕೊಳ್ಳುತ್ತದೆ.

ಡಿಟೆಕ್ಟರ್‌ನವರ ವಿಷಯ ಕೊನೆಗೆ. ನಮ್ಮ ಕಡೆ ನಿಧಿಯ ಆಸೆಗೆ ಎಷ್ಟು ವೀರಗಲ್ಲು, ಗುಡಿಗಳ ಬುಡ ಅಗೆದಿದ್ದಾರೆ ನಿಮಗೆ ಗೊತ್ತಲ್ವಾ. ಇಂಥ ಶಿಲುಬೆಯ ಕೆಳಗೆ ನಿಧಿ ಹೂಳುವ ರೂಢಿ ಇರಲಿಲ್ಲ. ಕಲ್ಲು ಷೆಡ್ಯೂಲ್ಡ್ ಆಗಿದ್ದರೆ ಆ ಜಾಗದಲ್ಲಿ ಲೈಸೆನ್ಸ್ ಇಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ, ನೀವು ಒಪ್ಪಿದರೂ. ಹುಲ್ಲುಗಾವಲಿನ ಉಳಿದ ಭಾಗಕ್ಕೆ ಅನುಮತಿ ಕೊಡುವುದು ನಿಮ್ಮ ಇಷ್ಟ. ಕೊಡುವುದಾದರೆ ಬರವಣಿಗೆಯಲ್ಲಿ ಕೊಡಿ. ಸಿಕ್ಕಿದ್ದು ಯಾರದು ಅಂತ ಮೊದಲೇ ಬರೆದಿಡಿ. ಶಿಲುಬೆಯ ಸುತ್ತ ದೊಡ್ಡ ಅಂತರ ಬಿಡಿಸಿ. ನಿಧಿ ಅನ್ನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ಕೊರೋನರ್ ಎಂಬ ತನಿಖಾ ಅಧಿಕಾರಿಗೆ ತಿಳಿಸಬೇಕು, 1996ರ ಕಾನೂನು.

ಪಟ್ಟಿಯಲ್ಲಿ ಕಲ್ಲು ಇದೆಯಾ, ಕಾಲುವೆಯ ತಗ್ಗು ಯಾವ ಕಡೆ, ಪಕ್ಕದಲ್ಲಿ ತೂತು ಇದೆಯಾ: ಈ ಮೂರಕ್ಕೆ ಉತ್ತರ ಸಿಕ್ಕಾಗ ಮತ್ತೆ ಬರೆಯಿರಿ. ಹಳೆಯ ನಕ್ಷೆಯ ಆ ಮೂಲೆಯ ಪ್ರತಿಯನ್ನೂ ಜೊತೆಗಿಡಿ, ನಕ್ಷೆಯ ವರ್ಷ ಕಾಣುವಂತೆ.